ನೆರಿಗೆಯಲ್ಲಿ ಸಿಕ್ಕ ತಾಳ

ಬುಟ್ಟಾ ಸೀರೆಯ ನೆರಿಗೆ ಹಿಡಿಯುವಾಗ ಅಗಲ ಸರಿಯಾಗಿದ್ದರೆ ಬುಟ್ಟಾದ ಮೇಲೆ ಬುಟ್ಟಾ ಬಂದು ಕೂರುತ್ತದೆ; ಎರಡು ಬೆರಳು ತಪ್ಪಿದರೂ ಎಲ್ಲ ಚೆಲ್ಲಾಪಿಲ್ಲಿ. ನನಗಿದನ್ನು ಕಲಿಸಿದ್ದು ಅಮ್ಮ. ಕ್ಷ-ಕಿರಣ ಸೂಸುವ ಜೋಡಿ ನಕ್ಷತ್ರಗಳ ಆವರ್ತ ಹುಡುಕುವ ಕಸುಬೂ ಹೀಗೆಯೇ ಎಂದು ಗೊತ್ತಾದದ್ದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡತೊಡಗಿದ ಮೇಲೆ.

ಈ ಕಸುಬಿಗೆ ಬಹಳ ವಯಸ್ಸಾಗಿಲ್ಲ. 1970ರ ಡಿಸೆಂಬರ್ 12ರಂದು ಕೆನ್ಯಾ ಕಡಲಿನ ಉಡಾವಣಾ ವೇದಿಕೆಯಿಂದ ಅಮೆರಿಕದ ‘ಉಹುರು’ ಉಪಗ್ರಹ ಮೇಲೇರಿತು. ಸೆಂಟಾರಸ್ ಎಕ್ಸ್-3 ಎಂಬ ಆಕರ 4.8 ಸೆಕೆಂಡಿಗೊಮ್ಮೆ ಮಿಡಿಯುವುದನ್ನು ಅದು ಕಂಡಿತು. ಸುಮಾರು 2.1 ದಿನಕ್ಕೊಮ್ಮೆ ಆ ಬೆಳಕು ಅರ್ಧ ದಿನದ ಮಟ್ಟಿಗೆ ಕುಗ್ಗುತ್ತಿತ್ತು. ನ್ಯೂಟ್ರಾನ್ ನಕ್ಷತ್ರವೊಂದು ತನ್ನ ದೈತ್ಯ ಸಂಗಾತಿಯ ಹಿಂದೆ ಸರಿಯುವ ಗ್ರಹಣ ಅದು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಹಾರಿದ ನಮ್ಮ ಆರ್ಯಭಟದಲ್ಲೂ ಕ್ಷ-ಕಿರಣ ನೋಡುವ ಉಪಕರಣವಿತ್ತು.

ಗ್ರಹಣ ಕಾಣುವ ಜೋಡಿಗಳ ಲೆಕ್ಕ ಸುಲಭ. ಮುಸುಕು ಹೊದ್ದವುಗಳ ಪಾಡು ಬೇರೆ. 2003ರ ಜನವರಿ 29ರಂದು ಯುರೋಪಿನ ‘ಇಂಟಿಗ್ರಲ್’ ಉಪಗ್ರಹ ಐಜಿಆರ್ ಜೆ16318-4848 ಎಂಬ ಆಕರವನ್ನು ಪತ್ತೆಮಾಡಿತು. ಅಲ್ಲಿಂದ ಇಲ್ಲಿಯವರೆಗಿನ ದಾರಿಯಲ್ಲಿರುವ ಅನಿಲಕ್ಕಿಂತ ಸುಮಾರು ನೂರು ಪಟ್ಟು ಹೆಚ್ಚು ಅನಿಲ ಅದನ್ನೇ ಸುತ್ತಿಕೊಂಡಿದೆ. ದೈತ್ಯ ಸಂಗಾತಿಯೇ ಊದಿ ಚೆಲ್ಲಿದ ಅನಿಲ. ಮೆದು ಕ್ಷ-ಕಿರಣಗಳನ್ನು ಅದು ನುಂಗಿಬಿಡುತ್ತದೆ, ಶಕ್ತಿ ಹೆಚ್ಚಿರುವವು ಮಾತ್ರ ತೂರಿ ಬರುತ್ತವೆ. ಅಂಥ ಕಿರಣಗಳಿಗಾಗಿ ‘ಸ್ವಿಫ್ಟ್’ ಉಪಗ್ರಹ ವರ್ಷಗಟ್ಟಲೆ ಆಕಾಶ ಕಾಯ್ದಿತು. ಆ ದಾಖಲೆಯನ್ನು ಮಡಿಸಿ ನೋಡಿದಾಗ ಸುಮಾರು 80 ದಿನಗಳ ಏರಿಳಿತ ಸಿಕ್ಕಿತು. ಈ ಕೆಲಸದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ದುಡಿದಿದ್ದಾರೆ. ಆ ಸಂಸ್ಥೆಯ ಹತ್ತಿರದ ಮೇಖ್ರಿ ಸರ್ಕಲ್ಲಿನಲ್ಲಿ ಬಸ್ಸು ನಿಂತಾಗಲೆಲ್ಲ ನನಗೆ ಆ 80 ನೆನಪಾಗುತ್ತದೆ.

ನಿವೃತ್ತಿಯ ಹಿಂದಿನ ವರ್ಷ ಮಕ್ಕಳಿಗೆ ಸ್ವಿಫ್ಟಿನ ದಿನದಿನದ ಅಂಕಿಗಳನ್ನು ಕೊಟ್ಟೆ. 70 ದಿನಕ್ಕೊಂದು ಸಾಲು ಬರೆದು, ಕೆಳಗೆ ಕೆಳಗೆ ಕೂಡಿಸಿ ಸರಾಸರಿ ತೆಗೆದರು, ಗೆರೆ ಚಪ್ಪಟೆ. 90ಕ್ಕೂ ಅಷ್ಟೆ. 80ಕ್ಕೆ ಮಾತ್ರ ಗೆರೆ ಮೆಲ್ಲಗೆ ಬೆನ್ನೆತ್ತಿತು. ಒಂದೊಂದು ದಿನದ ಅಂಕಿಯಲ್ಲಿ ಬರೀ ಗದ್ದಲ. ಹತ್ತಾರು ಸುತ್ತು ಒಂದರ ಮೇಲೊಂದು ಕೂತಾಗ ತಾಳ.

“ಒಳಗಿರೋದು ಏನು ಮೇಡಂ?” ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಸೆಂಟಾರಸ್ ಎಕ್ಸ್-3ರಂಥ ಮಿಡಿತ ಇದರಲ್ಲಿ ಸಿಕ್ಕಿಲ್ಲ, ನ್ಯೂಟ್ರಾನ್ ನಕ್ಷತ್ರವೋ ಕಪ್ಪುಕುಳಿಯೋ ಇನ್ನೂ ಇತ್ಯರ್ಥವಾಗಿಲ್ಲ ಎಂದೆ. ಅವಳು ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚುತ್ತಾ 80 ದಿನ ಎಣಿಸಿ, ಒಂದು ತಾರೀಕಿಗೆ ಪೆನ್ಸಿಲಿನಿಂದ ಸುತ್ತು ಹಾಕಿ ಬಂದು ಕೂತಳು.