ಸೂರಿನ ನೀರು

ಕಳೆದ ಬೇಸಿಗೆಯಲ್ಲಿ ಮನೆಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂಗಳದ ಮೂಲೆಯಲ್ಲಿರುವ ಬಾವಿಯನ್ನು ಕಂಡು, "ಏನ್ ಸಾರ್, ಈ ಕಾಲದಲ್ಲೂ ಬಾವಿನಾ?" ಎಂದು ನಕ್ಕ. ಕಾಫಿ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ಕಥೆ ಅದಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅರವತ್ತರ ದಶಕದ ಹಳೇ ಯಲಹಂಕದಲ್ಲಿ ನಮ್ಮದು ಹೆಂಚಿನ ಮನೆ. ಸೂರಿನ ಅಂಚಿಗೆ ಅಡ್ಡಲಾಗಿ ತಗಡಿನ ದೋಣಿಯೊಂದನ್ನು ಕಟ್ಟಿರುತ್ತಿದ್ದರು. ಮೊದಲ ಮಳೆಯ ನೀರನ್ನು ನಮ್ಮಮ್ಮ ಹಿಡಿಯುತ್ತಿರಲಿಲ್ಲ. "ಹೆಂಚು ತೊಳೀಲಿ, ಬಿಡು" ಎನ್ನುತ್ತಿದ್ದಳು. ಎರಡನೆಯ ಮಳೆಯಿಂದ ಹಂಡೆ, ಕೊಳಗ, ಬಿಂದಿಗೆಗಳೆಲ್ಲ ಸಾಲಾಗಿ ಅಂಗಳಕ್ಕೆ ಬರುತ್ತಿದ್ದವು. ಬೇಳೆ ಬೇಯುವುದಕ್ಕೆ ಬಾವಿಯ ಗಡಸು ನೀರಿಗಿಂತ ಮಳೆನೀರೇ ಮೇಲು ಎಂಬುದು ಅವಳ ಅನುಭವ. ಪಾತ್ರೆಗಳು ತುಂಬಿದ ಮೇಲೆ ಮಿಕ್ಕದ್ದು ಹರಿದು ಬಾವಿಯ ಸುತ್ತಲಿನ ತೆಂಗಿನ ಪಾತಿಗೆ ಸೇರಿ ಇಂಗುತ್ತಿತ್ತು. 'ಮಳೆನೀರು ಕೊಯ್ಲು' ಎಂಬ ಪದವನ್ನು ಅವಳು ಕೇಳಿರಲಿಲ್ಲ.

ಮನೆಯಲ್ಲಿ ಹಂಡೆ ಮಾಡುತ್ತಿದ್ದ ಕೆಲಸವನ್ನು ಊರಿನಲ್ಲಿ ಕೆರೆ ಮಾಡುತ್ತಿತ್ತು. 1537ರಲ್ಲಿ ಬೆಂಗಳೂರು ಕೋಟೆಯನ್ನು ಕಟ್ಟಿಸಿದರೆಂದು ಹೇಳಲಾಗುವ ಕೆಂಪೇಗೌಡರು ಯಲಹಂಕ ನಾಡಪ್ರಭುಗಳ ವಂಶದವರು. ಹತ್ತಿರದಲ್ಲಿ ದೊಡ್ಡ ನದಿಯಿಲ್ಲದ ಎತ್ತರದ ನೆಲದಲ್ಲಿ ಪೇಟೆ ಕಟ್ಟಬೇಕಾದರೆ ಮಳೆಯನ್ನು ಹಿಡಿದಿಡದೆ ಬೇರೆ ದಾರಿಯಿರಲಿಲ್ಲ. ಒಂದು ಕೆರೆಯ ಕೋಡಿ ಬಿದ್ದ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರಬೇಕು, ಅಲ್ಲಿಂದ ಮುಂದಿನದಕ್ಕೆ. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚಲು ನೀರುಗಂಟಿ ಇರುತ್ತಿದ್ದ. ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾನಿದನ್ನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಪಾಠ ಮಾಡುತ್ತಿದ್ದೆ. ಓದುತ್ತಿರುವ ಕೆಲವರಿಗಾದರೂ ಆ ಚಿತ್ರ ನೆನಪಿರಬಹುದು.

ನಂತರದ ಕಥೆ ದೂರದ ನೀರಿನ ಕಥೆ. 1894ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ನಮ್ಮ ನೆರೆಯ ಹೆಸರಘಟ್ಟದಿಂದ ಅರ್ಕಾವತಿಯ ನೀರನ್ನು ನಗರಕ್ಕೆ ಒಯ್ಯುವ ಯೋಜನೆ ರೂಪುಗೊಂಡಿತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಬಂತು, 1974ರಲ್ಲಿ ಕಾವೇರಿ. ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಯಂತ್ರಗಳಿಂದ ಎತ್ತಿ ತಂದ ನೀರದು. ನಲ್ಲಿ ಬಂದ ಮೇಲೆ ಊರ ಕೆರೆಯ ಹಂಗೇಕೆ? ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು.

ನಗರವನ್ನು ದೂರುವ ಮೊದಲು ನನ್ನ ತಪ್ಪನ್ನೂ ಬರೆಯಬೇಕು.

ಅಣ್ಣತಮ್ಮಂದಿರಲ್ಲಿ ಪಾಲಾಗಿ, ಬಾವಿಯಿದ್ದ ಮೂವತ್ತು–ನಲವತ್ತರ ತುಂಡು ನನಗೆ ಬಂದಿತ್ತು. 1988ರಲ್ಲಿ ಹಳೆಯ ಮನೆಯನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದೆ. ಕೊಳವೆಬಾವಿ ಕೊರೆಸಿದೆ. ಸ್ಕೂಟರ್ ನಿಲ್ಲಿಸಲು ಜಾಗ ಬೇಕೆಂದು ಬಾವಿಯನ್ನು ಮುಚ್ಚಿಸಿದೆ. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಗಂಗಮ್ಮನ ಬಾಯಿಗೆ ಮಣ್ಣು ಹಾಕಬೇಡ ಕಣಪ್ಪಾ" ಎಂದು ಒಂದೇ ಸಲ ಹೇಳಿ ಸುಮ್ಮನಾದಳು. ಅದನ್ನು ನಾನು ಹಳೆಯ ಕಾಲದವರ ಮೂಢನಂಬಿಕೆ ಎಂದುಕೊಂಡೆ. ಮರುದಿನ ಶಾಲೆಯಲ್ಲಿ ಕೆಂಪೇಗೌಡರ ಕೆರೆಗಳ ಪಾಠ ಮಾಡಿರಲೂ ಸಾಕು!

2007ರಲ್ಲಿ ಯಲಹಂಕ ನಗರಸಭೆ ಬೃಹತ್ ಬೆಂಗಳೂರಿನೊಳಗೆ ವಿಲೀನವಾಯಿತು. 2009ರಲ್ಲಿ ಜಲಮಂಡಳಿಯ ಕಾಯಿದೆಗೆ ತಿದ್ದುಪಡಿಯಾಗಿ, 60×40 ಅಡಿ ಹಾಗೂ ಅದಕ್ಕೂ ದೊಡ್ಡ ನಿವೇಶನಗಳ ಹಳೆಯ ಕಟ್ಟಡಗಳಿಗೂ 30×40 ಅಡಿ ಮೇಲ್ಪಟ್ಟ ನಿವೇಶನಗಳ ಹೊಸ ಕಟ್ಟಡಗಳಿಗೂ ಮಳೆಕೊಯ್ಲು ಕಡ್ಡಾಯವಾಯಿತು. ನನ್ನದು ಚಿಕ್ಕ ನಿವೇಶನ, ಹಳೆಯ ಕಟ್ಟಡ. ಕಾನೂನು ನನ್ನನ್ನು ಮುಟ್ಟಲಿಲ್ಲವೆಂದು ನಿಶ್ಚಿಂತನಾದೆ. 2013ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿತು.

ಆಗ ಹಾಳೆಯೊಂದನ್ನು ತೆಗೆದುಕೊಂಡು ಲೆಕ್ಕ ಹಾಕಿದೆ. ನೂರು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ನೂರು ಲೀಟರ್ ನೀರು. ವರ್ಷಕ್ಕೆ 900 ಮಿಲಿಮೀಟರ್ ಎಂದಿಟ್ಟುಕೊಂಡರೂ 90,000 ಲೀಟರ್. ಆರು ಸಾವಿರ ಲೀಟರಿನ ಹದಿನೈದು ಟ್ಯಾಂಕರ್. ಅಷ್ಟನ್ನೂ ಇಪ್ಪತ್ತೈದು ವರ್ಷ ಚರಂಡಿಗೆ ಬಿಟ್ಟಿದ್ದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ ಅವರು ವಿಜಯನಗರದ ತಮ್ಮ ಮನೆ 'ಸೌರಭ'ದಲ್ಲಿ ತೊಂಬತ್ತರ ದಶಕದಿಂದಲೂ ಮಳೆನೀರಿನಲ್ಲೇ ಸಂಸಾರ ನಡೆಸಿದರೆಂದು ಓದಿದ್ದೆ. ನಮ್ಮ ಪಕ್ಕದ ವಿದ್ಯಾರಣ್ಯಪುರದ ಎಸ್. ವಿಶ್ವನಾಥ್ ಅವರು ಹತ್ತು ಲಕ್ಷ ಬಾವಿಗಳ ಮಾತಾಡುತ್ತ, ಬಾವಿ ತೋಡುವುದನ್ನೇ ಕುಲಕಸುಬಾಗಿಸಿಕೊಂಡ ಮಣ್ಣು ವಡ್ಡರಿಗೆ ಮತ್ತೆ ಕೆಲಸ ದೊರೆಯುವಂತೆ ಮಾಡಿದ್ದರು. ಓದಿದ್ದು ನಿಜ, ಮಾಡಿರಲಿಲ್ಲ.

ಸ್ಕೂಟರ್ ಶೆಡ್ಡನ್ನು ಕಿತ್ತು, ಹಳೆಯ ಬಾವಿಯಿದ್ದ ಜಾಗದಲ್ಲೇ ಅಗೆಯಲು ನಾಲ್ವರು ಬಂದರು. ಮೊದಲ ದಿನ ಬುಟ್ಟಿಯಲ್ಲಿ ಮೇಲೆ ಬಂದದ್ದೆಲ್ಲ ಒಡೆದ ಮಂಗಳೂರು ಹೆಂಚು! ನಮ್ಮ ಹಳೆಯ ಸೂರಿನದೇ. ಅದನ್ನೇ ಕೆಡವಿ ಬಾವಿಗೆ ತುಂಬಿಸಿದ್ದೆನೆಂಬುದು ನನಗೆ ಮರೆತೇಹೋಗಿತ್ತು. ಅಮ್ಮ ತೀರಿಕೊಂಡು ಆಗಲೇ ಒಂಬತ್ತು ವರ್ಷವಾಗಿತ್ತು. ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ಒಬ್ಬನೇ ನಿಂತಿದ್ದೆ.

ಇಪ್ಪತ್ತೆರಡು ಅಡಿ ಆಳ, ಸಿಮೆಂಟಿನ ಉಂಗುರಗಳು. ತಾರಸಿಯ ನೀರು ಜಲ್ಲಿ, ಮರಳು, ಇದ್ದಿಲುಗಳಲ್ಲಿ ಸೋಸಿ ಮೊದಲು ಸಂಪಿಗೆ, ಸಂಪು ತುಂಬಿದ ಮೇಲೆ ಬಾವಿಗೆ. ಮೊದಲ ವರ್ಷ ಕೊಳಾಯಿ ಕೆಲಸದವನು ಕೊಳವೆಯ ಇಳಿಜಾರನ್ನು ತಿರುವುಮುರುವು ಮಾಡಿ, ಹಸ್ತಾ ಮಳೆಯ ನೀರೆಲ್ಲ ವರಾಂಡಕ್ಕೆ ನುಗ್ಗಿತು. ನನ್ನವಳ ಮಾತುಗಳನ್ನು ಇಲ್ಲಿ ಬರೆಯಲಾರೆ. ಮೂರು ವರ್ಷ ಬಾವಿಯ ತಳ ಮಳೆ ನಿಂತ ವಾರದಲ್ಲೇ ಒಣಗುತ್ತಿತ್ತು. ನಾಲ್ಕನೆಯ ವರ್ಷ ದೀಪಾವಳಿಯವರೆಗೆ ನೀರು ನಿಂತಿತು.

2021ರ ನವೆಂಬರ್‌ನಲ್ಲೂ 2024ರ ಅಕ್ಟೋಬರ್‌ನಲ್ಲೂ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ ನೀರು ನುಗ್ಗಿ, ಜನ ಟ್ರ್ಯಾಕ್ಟರುಗಳಲ್ಲಿ, ದೋಣಿಗಳಲ್ಲಿ ಹೊರಬಂದದ್ದು ನಿಮಗೆಲ್ಲ ನೆನಪಿದೆ. ಆ 2024ರಲ್ಲೇ, ಆರೇಳು ತಿಂಗಳ ಹಿಂದೆ, ಇದೇ ಬೆಂಗಳೂರು ಟ್ಯಾಂಕರಿಗಾಗಿ ಪರದಾಡಿತ್ತು. ನೆಲಕ್ಕೆಲ್ಲ ಸಿಮೆಂಟು ಬಳಿದ ಮೇಲೆ ಬಿದ್ದ ಮಳೆ ಇಂಗುವುದಾದರೂ ಎಲ್ಲಿ? ಎಲ್ಲ ಮನೆಗಳ ನೀರೂ ಒಂದೇ ಗಳಿಗೆಯಲ್ಲಿ ಕಿರಿದಾದ ರಾಜಕಾಲುವೆಯ ಕಡೆಗೆ ಓಡುತ್ತದೆ. ನನ್ನೊಂದು ಬಾವಿಯಿಂದ ಆ ಪ್ರವಾಹ ಒಂದಂಗುಲವೂ ಇಳಿದಿರಲಾರದು, ಅದು ನನಗೆ ಗೊತ್ತು.

ಆ ವಿದ್ಯಾರ್ಥಿಗೆ ಇಷ್ಟನ್ನೂ ಹೇಳಲಿಲ್ಲ. ಮುಚ್ಚಳ ಸರಿಸಿ, ಗಂಟು ಹಾಕಿದ ಹಗ್ಗವನ್ನು ಇಳಿಬಿಟ್ಟು ಅವನ ಕೈಗೆ ಕೊಟ್ಟೆ. ಮೇಲೆಳೆದು ಒದ್ದೆಯಾದ ಗಂಟುಗಳನ್ನು ಎಣಿಸಿದ. ಏಪ್ರಿಲ್ ತಿಂಗಳಲ್ಲಿ ಆರು ಅಡಿ ಇತ್ತು.