ಮುಕ್ತ ತಂತ್ರಾಂಶದ ಜಾಲತಾಣಗಳು: ಸುರಕ್ಷತಾ ಪರಿಷ್ಕರಣೆ

ಪೀಠಿಕೆ

ಶಿಗ್ಗಾಂವ, ಹಾನಗಲ್ಲ, ಸವಣೂರ ಮತ್ತು ಹಿರೇಕೆರೂರ ತಾಲ್ಲೂಕುಗಳ ಕಛೇರಿ, ಕಾಲೇಜು ಹಾಗೂ ಸಹಕಾರ ಸಂಘಗಳಲ್ಲಿ ಜಾಲತಾಣ ನಿರ್ವಹಿಸುವವರ ಮಾಹಿತಿಗಾಗಿ ಈ ವಿವರಗಳನ್ನು ನೀಡಲಾಗಿದೆ.

ಡ್ರುಪಾಲ್ 2001ರಲ್ಲಿ ಬಿಡುಗಡೆಯಾದ, ಜಾಲತಾಣ ನಿರ್ಮಾಣಕ್ಕೆ ಬಳಸುವ ಮುಕ್ತ ತಂತ್ರಾಂಶ. ಇದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು. ಆದುದರಿಂದ ದೋಷ ಸರಿಪಡಿಸಿದ ಆವೃತ್ತಿ ಹೊರಬಂದೊಡನೆ, ಅದನ್ನು ಹಳೆಯದರೊಡನೆ ಹೋಲಿಸಿ ದೋಷವಿದ್ದ ಸ್ಥಳವನ್ನು ದಾಳಿಕೋರರೂ ಅರಿಯಬಲ್ಲರು. ಪರಿಷ್ಕರಣೆ ಪ್ರಕಟವಾದ ಗಳಿಗೆಯಿಂದಲೇ ಅಪಾಯ ಹೆಚ್ಚುತ್ತದೆ.

2014ರ ಪ್ರಕರಣ

2014ರ ಅಕ್ಟೋಬರ್ 15ರಂದು ಡ್ರುಪಾಲ್ 7ರ ಗಂಭೀರ ದೋಷವೊಂದನ್ನು ಪ್ರಕಟಿಸಿ, 7.32ನೆಯ ಆವೃತ್ತಿಯನ್ನು ಬಿಡುಗಡೆ ಮಾಡಲಾಯಿತು. ಲಾಗಿನ್ ಆಗದವರೂ ದತ್ತಸಂಚಯಕ್ಕೆ ತಮ್ಮ ಆದೇಶಗಳನ್ನು ನುಗ್ಗಿಸಲು ಈ ದೋಷ ಎಡೆಗೊಟ್ಟಿತ್ತು. ಪ್ರಕಟಣೆಯಿಂದ 7 ಗಂಟೆಗಳೊಳಗೆ ಸರಿಪಡಿಸದ ಪ್ರತಿಯೊಂದು ತಾಣವೂ ದಾಳಿಗೆ ಒಳಗಾಗಿದೆಯೆಂದೇ ಭಾವಿಸಬೇಕೆಂದು ಡ್ರುಪಾಲ್ ಸುರಕ್ಷತಾ ತಂಡವು ಅಕ್ಟೋಬರ್ 29ರಂದು ಎಚ್ಚರಿಸಿತು.

ಭಾರತೀಯ ಕಾಲಮಾನದಂತೆ ಆ 7 ಗಂಟೆಗಳು ರಾತ್ರಿ 9.30ರಿಂದ ಬೆಳಗಿನ 4.30ರವರೆಗೆ. ಮರುದಿನ ಕಛೇರಿಯ ಬಾಗಿಲು ತೆರೆಯುವಷ್ಟರಲ್ಲಿ ಗಡುವು ಮೀರಿತ್ತು.

ತಡವಾಗಿ ಪರಿಷ್ಕರಿಸಿದರೆ, ಈಗಾಗಲೇ ಒಳನುಗ್ಗಿದವರು ಉಳಿಸಿಹೋದ ಗುಪ್ತದಾರಿ ಮುಚ್ಚುವುದಿಲ್ಲ. ಇತರರು ಪ್ರವೇಶಿಸದಂತೆ ದಾಳಿಕೋರರೇ ದೋಷವನ್ನು ಸರಿಪಡಿಸಿದ್ದೂ ಉಂಟು. ತಾವು ಪರಿಷ್ಕರಿಸದ ತಾಣವು ಪರಿಷ್ಕೃತವಾಗಿ ಕಂಡುಬಂದರೆ ಅದನ್ನು ದಾಳಿಯ ಕುರುಹೆಂದು ತಿಳಿಯತಕ್ಕದ್ದು.

2018ರ ಮಾರ್ಚ್ 28ರಂದು ಇನ್ನೊಂದು ಗಂಭೀರ ದೋಷವನ್ನು ಸರಿಪಡಿಸಲಾಯಿತು. ಆಗ ಒಂದು ವಾರ ಮೊದಲೇ ದಿನ ಹಾಗೂ ಸಮಯವನ್ನು ತಿಳಿಸಲಾಗಿತ್ತು. ಈ ಮುನ್ಸೂಚನೆಯನ್ನು ಗಮನಿಸಿದವರಿಗೆ ಸಿದ್ಧತೆಗೆ ಕಾಲಾವಕಾಶ ದೊರೆಯಿತು.

ಕೈಗೊಳ್ಳಬೇಕಾದ ಕ್ರಮಗಳು

1. ತಾಣದ ತಂತ್ರಾಂಶ, ಅದರ ಆವೃತ್ತಿ ಮತ್ತು ಹೆಚ್ಚುವರಿ ಮಾಡ್ಯೂಲ್‌ಗಳ ಪಟ್ಟಿಯನ್ನು ಕಡತದಲ್ಲಿಡುವುದು.
2. ತಂತ್ರಾಂಶದ ಸುರಕ್ಷತಾ ಪ್ರಕಟಣೆಗಳನ್ನು ಇ-ಮೇಲ್ ಮೂಲಕ ಪಡೆಯುವುದು. ಡ್ರುಪಾಲ್ ಪ್ರಕಟಣೆಗಳು ಸಾಮಾನ್ಯವಾಗಿ ಬುಧವಾರ ಹೊರಡುತ್ತವೆ. ಭಾರತದಲ್ಲಿ ಆಗ ರಾತ್ರಿಯಾಗಿರುತ್ತದೆ.
3. ರಾತ್ರಿ ವೇಳೆ ಪರಿಷ್ಕರಣೆ ಮಾಡುವ ಹೊಣೆ ಯಾರದೆಂಬುದನ್ನು ನಿರ್ವಹಣಾ ಒಪ್ಪಂದದಲ್ಲಿ ನಮೂದಿಸುವುದು.
4. ದಿನಾಂಕ ಸಹಿತ ಬ್ಯಾಕಪ್ ಪ್ರತಿಗಳನ್ನು ಸರ್ವರ್‌ನಿಂದ ಹೊರಗೆ ಇರಿಸುವುದು. ದಾಳಿಯಾದಲ್ಲಿ ದಾಳಿಗೆ ಮುಂಚಿನ ಪ್ರತಿಯಿಂದ ತಾಣವನ್ನು ಮರುಸ್ಥಾಪಿಸಿ, ಪರಿಷ್ಕರಿಸಿದ ನಂತರವೇ ಸಾರ್ವಜನಿಕರಿಗೆ ತೆರೆಯುವುದು.
5. ಬೆಂಬಲ ಮುಗಿದ ಆವೃತ್ತಿಯನ್ನು ಕೈಬಿಡುವುದು. ಡ್ರುಪಾಲ್ 7ರ ಅಧಿಕೃತ ಬೆಂಬಲವು 2025ರ ಜನವರಿ 5ರಂದು ಕೊನೆಗೊಂಡಿದೆ.

ವರದಿ

2022ರ ಏಪ್ರಿಲ್ 28ರ ನಿರ್ದೇಶನದಂತೆ, ಜಾಲತಾಣಕ್ಕೆ ಅಕ್ರಮ ಪ್ರವೇಶವಾದುದು ಗಮನಕ್ಕೆ ಬಂದ 6 ಗಂಟೆಗಳೊಳಗೆ ಸಂಸ್ಥೆಗಳು ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡತಕ್ಕದ್ದು.