ಕಲ್ಯಾಣದ ಗಾರೆ ಮತ್ತು ಸುಣ್ಣದ ಸಮೀಕರಣ

ಬಸವಕಲ್ಯಾಣ ಮತ್ತು ಹುಮನಾಬಾದ ಸೀಮೆಯ ಹಳೆಯ ಕಟ್ಟಡಗಳಲ್ಲಿ ಎರಡು ಬಗೆಯ ಕಟ್ಟಡಕೆಲಸ ಕಾಣಸಿಗುತ್ತದೆ. 11ನೆಯ ಶತಮಾನದಲ್ಲಿ ಚಾಲುಕ್ಯ ಅರಸ ಒಂದನೆಯ ಸೋಮೇಶ್ವರ ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡ. ಆ ಚಾಲುಕ್ಯರ ಕಾಲದ ಜಲಸಂಗಿ, ನಾರಾಯಣಪುರ ದೇವಾಲಯಗಳಲ್ಲಿ ಕೆತ್ತಿದ ಕಲ್ಲಿನ ಮೇಲೆ ಕಲ್ಲನ್ನು ಗಾರೆಯಿಲ್ಲದೆಯೇ ಕೂರಿಸಲಾಗಿದೆ. 14ನೆಯ ಶತಮಾನದಲ್ಲಿ ಬಹಮನಿ ಆಳ್ವಿಕೆ ನೆಲೆಗೊಂಡ ಮೇಲೆ ಕೋಟೆ, ಕಮಾನು, ಗುಮ್ಮಟಗಳ ಕೆಲಸ ಹೆಚ್ಚಿತು. ಸಣ್ಣ ಕಲ್ಲುಗಳನ್ನು ಬೆಸೆಯಲು ಸುಣ್ಣದ ಗಾರೆಯೂ ಮೇಲೆ ಬಳಿಯಲು ಗಚ್ಚೂ ಬೇಕಾದವು.

ಎರೆನೆಲದ ಸುಣ್ಣದ ಹರಳಿನಲ್ಲಿಯೂ ಶಹಾಬಾದಿನ ಸುಣ್ಣಕಲ್ಲಿನಲ್ಲಿಯೂ ಮುಖ್ಯಾಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಇಂಥ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ, ಶುದ್ಧವಾದ 100 ಕಿಲೊ ಕಲ್ಲಿನಿಂದ 56 ಕಿಲೊ ಸುಟ್ಟ ಸುಣ್ಣ ಉಳಿಯುತ್ತದೆ. 44 ಕಿಲೊ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಆ ಸುಟ್ಟ ಸುಣ್ಣ 18 ಕಿಲೊ ನೀರು ಕುಡಿದು ಅರಳಿದಾಗ 74 ಕಿಲೊ ಆಗುತ್ತದೆ. ಗೋಡೆಯಲ್ಲಿ ಗಾಳಿಯಿಂದ 44 ಕಿಲೊ ಅನಿಲವನ್ನು ನಿಧಾನವಾಗಿ ಹೀರಿ, 18 ಕಿಲೊ ನೀರನ್ನು ಬಿಟ್ಟುಕೊಟ್ಟು, ಮತ್ತೆ 100 ಕಿಲೊ ಕಲ್ಲಾಗುತ್ತದೆ.

ಸುಣಗಾರರು ಕೈಯಳತೆಯಲ್ಲಿ ಬಲ್ಲ ಈ ಕೆಲಸವನ್ನು ತಕ್ಕಡಿಗೆ ಹಾಕಿದವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. ಸುಟ್ಟಾಗ ಕಡಿಮೆಯಾಗುವ ತೂಕ ಕಲ್ಲಿನಲ್ಲಿ ಅಡಗಿದ್ದ ಅನಿಲದ್ದೆಂದು ಆತ 1756ರಲ್ಲಿ ಪ್ರಕಟಿಸಿದ ಬರಹದಲ್ಲಿ ತೋರಿಸಿದ. ಕ್ರಿಯೆಗೆ ಮುನ್ನ ಇದ್ದಷ್ಟೇ ದ್ರವ್ಯ ಅನಂತರವೂ ಇರುತ್ತದೆಂಬ ನಿಯಮವನ್ನು ಫ್ರಾನ್ಸಿನ ಲವಾಸಿಯೆ 1789ರ ತನ್ನ ಪಠ್ಯಪುಸ್ತಕದಲ್ಲಿ ಸ್ಪಷ್ಟಪಡಿಸಿದ. 1813-14ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಧಾತುಗಳಿಗೆ ಅಕ್ಷರ ಸಂಕೇತಗಳನ್ನು ಸೂಚಿಸಿದ ಮೇಲೆ ಈ ಲೆಕ್ಕವನ್ನು ಒಂದೇ ಸಾಲಿನ ಸಮೀಕರಣವಾಗಿ ಬರೆಯುವ ದಾರಿ ತೆರೆಯಿತು.

ಸಮೀಕರಣವನ್ನು ಸರಿದೂಗಿಸುವುದೆಂದರೆ ಬಾಣದ ಎರಡೂ ಬದಿಗೆ ಪ್ರತಿ ಧಾತುವಿನ ಪರಮಾಣುಗಳ ಸಂಖ್ಯೆ ಸಮವಾಗಿರುವಂತೆ ನೋಡಿಕೊಳ್ಳುವುದು. ಭಟ್ಟಿಯ ಕ್ರಿಯೆಯಲ್ಲಿ ಎಡಕ್ಕೆ ಕ್ಯಾಲ್ಸಿಯಂ 1, ಇಂಗಾಲ 1, ಆಕ್ಸಿಜನ್ 3. ಬಲಕ್ಕೆ ಸುಣ್ಣದಲ್ಲಿ 1, ಅನಿಲದಲ್ಲಿ 2 ಸೇರಿ ಆಕ್ಸಿಜನ್ ಅಲ್ಲಿಯೂ 3. ಆದ್ದರಿಂದ ಯಾವ ಗುಣಕವೂ ಬೇಕಿಲ್ಲ. ಅದೇ ಕಲ್ಲಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದಾಗ ಕ್ಯಾಲ್ಸಿಯಂ ಕ್ಲೋರೈಡ್, ನೀರು, ಇಂಗಾಲದ ಡೈಆಕ್ಸೈಡ್ ಬರುತ್ತವೆ. ಬಲಕ್ಕೆ ಕ್ಲೋರಿನ್ 2, ಹೈಡ್ರೋಜನ್ 2 ಇರುವುದರಿಂದ ಎಡಕ್ಕೆ ಆಮ್ಲದ ಮುಂದೆ 2 ಎಂಬ ಗುಣಕ ಬರೆಯಬೇಕು. ಸೂತ್ರದೊಳಗಿನ ಅಂಕಿಯನ್ನು ಬದಲಿಸುವಂತಿಲ್ಲ. ಬದಲಿಸಿದರೆ ಪದಾರ್ಥವೇ ಬೇರೆಯಾಗುತ್ತದೆ.

20ನೆಯ ಶತಮಾನದಲ್ಲಿ ಶಹಾಬಾದ, ವಾಡಿಗಳಲ್ಲಿ ಸಿಮೆಂಟ್ ತಯಾರಾಗತೊಡಗಿ, ಗಾರೆಯ ಬಳಕೆ ಹೊಸ ಕಟ್ಟಡಗಳಲ್ಲಿ ಹಿಂದೆ ಸರಿಯಿತು. ಹತ್ತನೆಯ ತರಗತಿಯ ವಿಜ್ಞಾನ ಪಠ್ಯದ ಮೊದಲ ಅಧ್ಯಾಯದಲ್ಲಿ ಮಾತ್ರ ಸುಣ್ಣ ಅರಳುವುದೂ ಬಳಿದ ಸುಣ್ಣ ಗಟ್ಟಿಯಾಗುವುದೂ ಸರಿದೂಗಿಸಿದ ಸಮೀಕರಣಗಳಾಗಿ ಉಳಿದಿವೆ.